ಅಕ್ಕಸಾಲಿಗ ಬರೆದ ಪುರಾಣ

ಕೆಲವರ ಹೆಸರು ಇತಿಹಾಸದಲ್ಲಿ ಉಳಿಯುವುದು ಅವರ ಬಗ್ಗೆ ಯಾರೋ ಆಡಿದ ಒಂದು ಹಗುರ ಮಾತಿನಿಂದ. ಫ್ಲಾರೆನ್ಸಿನ ಅಕ್ಕಸಾಲಿಗ ಬಾಚೊ ಬಾಲ್ದಿನಿ ಅಂಥವನು. ಕಲಾವಿದರ ಚರಿತ್ರೆ ಬರೆದ ವಸಾರಿ 1568ರ ಆವೃತ್ತಿಯಲ್ಲಿ, ಇವನಿಗೆ ರೇಖಾಜ್ಞಾನ ಹೆಚ್ಚೇನೂ ಇರಲಿಲ್ಲ, ಮಾಡಿದ್ದೆಲ್ಲ ಬೊಟಿಚೆಲ್ಲಿಯನ್ನು ನೆಚ್ಚಿಯೇ ಎಂದುಬಿಟ್ಟ. ಬಾಲ್ದಿನಿ ಮಣ್ಣು ಸೇರಿದ್ದು 1487ರಲ್ಲಿ. ಉತ್ತರ ಹೇಳುವವರು ಯಾರು?

ಮಾತು ಪೂರ್ತಿ ಸುಳ್ಳಲ್ಲ. 1481ರಲ್ಲಿ ಅಚ್ಚಾದ ದಾಂತೆಯ ಕಾವ್ಯಕ್ಕೆಂದು ತಾಮ್ರದ ತಗಡಿನಲ್ಲಿ ಕೊರೆದ 19 ಚಿತ್ರಗಳು ಬಾಲ್ದಿನಿಯವೆನ್ನುತ್ತಾರೆ. ಅವುಗಳ ಕಲ್ಪನೆ ಬೊಟಿಚೆಲ್ಲಿಯದು.

ಆದರೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇನ್ನೊಂದು ಸಾಕ್ಷಿಯಿದೆ. ಸುಮಾರು 1470ರಿಂದ 1475ರೊಳಗೆ ಲೇಖನಿ, ಮಸಿಯಲ್ಲಿ ಬರೆದ 99 ಚಿತ್ರಗಳ ಸಂಪುಟ. ಆದಾಮ, ಈವರಿಂದ ಹೊರಟ ಜಗತ್ತಿನ ಕಥೆ ಗ್ರೀಕರ ಜಟ್ಟಿ ಮೈಲೊನವರೆಗೆ ಬಂದು ಅರ್ಧಕ್ಕೇ ನಿಂತಿದೆ. ಬೈಬಲಿನ ಅರಸರು, ಪ್ರವಾದಿಗಳ ಜೊತೆಗೇ ಜೇಸನ್ ಮತ್ತು ಮೀಡಿಯಾ, ಥೀಸಿಯಸ್ಸನು ಹೊಕ್ಕ ಕ್ರೀಟಿನ ಚಕ್ರವ್ಯೂಹ, ಭೂತಗಳನ್ನು ಕರೆಯುವ ಮಾಂತ್ರಿಕರು ಸಾಲುಗೂಡಿದ್ದಾರೆ.

ಜಾನ್ ರಸ್ಕಿನ್ನನ ಬಳಿಯಿದ್ದ ಈ ಸಂಪುಟವನ್ನು ಮ್ಯೂಸಿಯಂ 1889ರಲ್ಲಿ ಕೊಂಡಿತು. 1898ರಲ್ಲಿ ಅದನ್ನು ಪ್ರಕಟಿಸಿದ ಸಿಡ್ನಿ ಕಾಲ್ವಿನ್, ಇದು ಪ್ರಸಿದ್ಧ ಅಕ್ಕಸಾಲಿಗ ಮಾಸೊ ಫಿನಿಗ್ವೆರ್ರಾನ ಕೆಲಸವೆಂದ. ಆದರೆ ಫಿನಿಗ್ವೆರ್ರಾ 1464ರಲ್ಲೇ ತೀರಿಕೊಂಡಿದ್ದ. ಮುಂದೆ ವಿದ್ವಾಂಸರ ಒಲವು ಬಾಲ್ದಿನಿ ಮತ್ತು ಅವನ ಕಾರ್ಯಾಗಾರದ ಕಡೆಗೆ ತಿರುಗಿತು. ಹಾಳೆಗಳ ಮೇಲೆ ಯಾರ ರುಜುವೂ ಇಲ್ಲ.

ಈ ಚಿತ್ರಗಳ ಅಚ್ಚುಪ್ರತಿಗಳನ್ನು ನೋಡುವಾಗ ವಸಾರಿ ಏನನ್ನು ಹುಡುಕುತ್ತಿದ್ದನೆಂದು ನನಗೆ ತಿಳಿಯುತ್ತದೆ. ಆಳುಗಳ ನಿಲುವು ಬಿಗಿ, ಕೈಕಾಲುಗಳು ಮರಗಟ್ಟಿದಂತಿವೆ. ಬೊಟಿಚೆಲ್ಲಿಯ ಬಳುಕು ಇಲ್ಲಿಲ್ಲ. ಅಂದಮೇಲೆ ಇದು ಅವನಿಂದ ಪಡೆದ ಸಾಲವೂ ಅಲ್ಲ. ಆದರೆ ಕಿರೀಟ, ಕವಚ, ಜರತಾರಿಯ ಅಂಚು ಬಂದೊಡನೆ ಅದೇ ಕೈಗೆ ಜೀವ ಬರುತ್ತದೆ. ಪ್ಯಾರಿಸ್, ಹೆಲೆನ್ ಇಬ್ಬರೂ ಫ್ಲಾರೆನ್ಸಿನ ಸಿರಿವಂತರ ಉಡುಗೆ ತೊಟ್ಟು ನಿಂತಿದ್ದಾರೆ. ಟ್ರಾಯ್ ನಗರದ ಅನಾಹುತ ಪಕ್ಕದ ಬೀದಿಯ ಮದುವೆಮನೆಯ ಸುದ್ದಿಯಂತಾಗಿದೆ. ಪುರಾಣವನ್ನು ಆಭರಣದ ಕಣ್ಣಿನಿಂದ ಕಂಡವನ ಕೆಲಸವಿದು.

ಬಾಲ್ದಿನಿಯನ್ನು ಬೊಟಿಚೆಲ್ಲಿಗೆ ಸಮನೆಂದು ನಾನು ವಾದಿಸುತ್ತಿಲ್ಲ. ವಸಾರಿಯ ಅಳತೆಗೋಲು ಚಿತ್ರಕಾರರದು. ಮನುಷ್ಯದೇಹವನ್ನು ಬಲ್ಲವನೇ ಅವನಿಗೆ ಬಲ್ಲವನು. ಬಟ್ಟೆ ಅಳೆಯುವ ಗಜಕಡ್ಡಿಯಿಂದ ಚಿನ್ನ ತೂಗಿದರೆ ತಪ್ಪು ಚಿನ್ನದ್ದಲ್ಲ. ಈ ಹಾಳೆಗಳು ನಿಜಕ್ಕೂ ಬಾಲ್ದಿನಿಯವೇ ಆಗಿದ್ದರೆ, ಒಂದೇ ವಾಕ್ಯದಲ್ಲಿ ಮುಗಿದುಹೋದವನು ಜಗತ್ತಿನ ಕಥೆಯನ್ನೇ ಹೇಳಹೊರಟಿದ್ದ ಎಂದಾಯಿತು.