ಗಡಿಯಾರದ ಟೆರಿ, ರಂಟೆಯ ಕಿರ್ಲೋಸ್ಕರರು

ಅಮೆರಿಕೆಯ ಕನೆಕ್ಟಿಕಟ್ ಸೀಮೆಯಲ್ಲಿ ಎಲೈ ಟೆರಿ ಎಂಬ ಗಡಿಯಾರಗಾರನು 1807ರಲ್ಲಿ, ಮೂರು ವರ್ಷಗಳೊಳಗಾಗಿ 4000 ಮರದ ಗಡಿಯಾರದ ಯಂತ್ರಗಳನ್ನು ಒದಗಿಸುವ ಕರಾರಿಗೆ ಕೈಹಾಕಿದನು. ಮೊದಲನೆಯ ವರ್ಷವೆಲ್ಲ ಗಡಿಯಾರಗಳನ್ನಲ್ಲ, ಅವನ್ನು ಮಾಡುವ ಸಲಕರಣೆಗಳನ್ನು ಅಣಿಗೊಳಿಸುವುದರಲ್ಲಿಯೇ ಕಳೆಯಿತು. ಒಂದರ ಹಲ್ಲುಚಕ್ರವು ಇನ್ನೊಂದಕ್ಕೂ ಹೊಂದುವಂತೆ ಮಾಡಿದ್ದರಿಂದ ಕರಾರು ನೆರವೇರಿತು; ಕ್ರಮೇಣ ಸಾಮಾನ್ಯ ಒಕ್ಕಲಿಗನ ಮನೆಗೂ ಗಡಿಯಾರ ಬಂದಿತು.

ಈ ಬುದ್ಧಿಯು ನಮ್ಮ ಕೃಷ್ಣಾತೀರದ ಕಡೆಗೆ ಗಡಿಯಾರದ ರೂಪದಿಂದಲ್ಲ, ರಂಟೆಯ ರೂಪದಿಂದ ಬಂದಿತೆಂದು ನಾವು ಭಾವಿಸುತ್ತೇವೆ. ತಂದವರು ಲಕ್ಷ್ಮಣರಾವ್ ಕಿರ್ಲೋಸ್ಕರರು. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಇವರು ಚಿತ್ರಕಲೆಯನ್ನು ಅಭ್ಯಸಿಸಲು ಮುಂಬಯಿಗೆ ಹೋದರು. ತಮ್ಮ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂಬುದು ಗೊತ್ತಾಗಲು, ಕುಂಚವನ್ನು ಕೆಳಗಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ವಿಕ್ಟೋರಿಯಾ ಜುಬಿಲಿ ಶಿಲ್ಪಶಾಲೆಯಲ್ಲಿ ಉಪಾಧ್ಯಾಯರಾದರು. ಆ ನೌಕರಿಯನ್ನೂ ಬಿಟ್ಟು ಬೆಳಗಾವಿಯ ತಮ್ಮ ಬೈಸಿಕಲ್ಲಿನ ಅಂಗಡಿಗೆ ಬಂದು ನೆಲೆಸಿ, ಮೇವು ಕತ್ತರಿಸುವ ಯಂತ್ರವನ್ನೂ ಬಳಿಕ ಕಬ್ಬಿಣದ ರಂಟೆಯನ್ನೂ ಮಾಡತೊಡಗಿದರು.

ಮಾಡಿದುದಾಯಿತು, ಕೊಳ್ಳುವವರಾರು? ನಿಪ್ಪಾಣಿ, ಅಥಣಿ, ರಾಯಬಾಗಗಳ ಕಡೆಯ ಎರೆಹೊಲಗಳನ್ನು ಕಂಡವರಿಗೆ ಕರಿಕೆಯ ಹಾವಳಿಯನ್ನು ವಿವರಿಸಬೇಕಾದುದಿಲ್ಲ. ಕಟ್ಟಿಗೆಯ ರಂಟೆಯು ಮಣ್ಣನ್ನು ಗೀರುತ್ತದೆ. ಕಬ್ಬಿಣದ್ದು ಹೆಂಟೆಯನ್ನು ಮಗುಚಿ ಬೇರನ್ನು ಬಿಸಿಲಿಗೊಡ್ಡುತ್ತದೆ. ಆದರೂ ಕಬ್ಬಿಣ ತಾಗಿದರೆ ಭೂಮಿತಾಯಿಗೆ ವಿಷವೇರುವುದೆಂದು ಒಕ್ಕಲಿಗರು ಹಿಂಜರಿದರು. ಹಳೆಯ ರಂಟೆಗೂ ಕಬ್ಬಿಣದ ಕುಳವೇ ಇರುತ್ತಿದ್ದುದನ್ನು ಯಾರೂ ಎಣಿಕೆಗೆ ತಂದಂತಿಲ್ಲ! ಮೊದಲನೆಯ ರಂಟೆಯು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಇದನ್ನು ಅಜ್ಞಾನವೆಂದು ನಗುವುದು ಪಟ್ಟಣಿಗರಾದ ನಮಗೆ ಸುಲಭ. ಒಂದು ಹಂಗಾಮು ಕೆಟ್ಟರೆ ಸಾಲಕ್ಕೆ ಕೈಯೊಡ್ಡಬೇಕಾದವನು ಒಕ್ಕಲಿಗನಲ್ಲವೇ? ಅವನ ನಂಬಿಕೆಯನ್ನು ಸಂಪಾದಿಸುವುದು ರಂಟೆಯನ್ನು ಎರಕ ಹೊಯ್ಯುವುದಕ್ಕಿಂತ ದೊಡ್ಡ ಕೆಲಸವಾಗಿತ್ತು.

ಅಷ್ಟರಲ್ಲಿ ಬೆಳಗಾವಿಯ ನಗರಸಭೆಯು ಊರಿನ ವಿಸ್ತರಣಕ್ಕಾಗಿ ಕಾರಖಾನೆಯ ಜಾಗವನ್ನು ತೆರವು ಮಾಡಿಸಿತು. ಔಂಧದ ರಾಜರಾದ ಬಾಳಾಸಾಹೇಬ ಪಂತ ಪ್ರತಿನಿಧಿಗಳು ಕುಂಡಲ ರೋಡ್ ಸ್ಟೇಷನ್ನಿನ ಬಳಿ ಕಳ್ಳಿ ಬೆಳೆದ ಬರಡು ನೆಲವನ್ನೂ ಸಾಲವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿಯು ಹುಟ್ಟಿತು. ಬೆಳಗಾವಿಯಿಂದ ಅಲ್ಲಿಗೆ ಹೋಗುವ ರೈಲುಹಾದಿಯು ಚಿಕ್ಕೋಡಿ ರೋಡ್, ರಾಯಬಾಗ, ಉಗಾರ, ಶೇಡಬಾಳಗಳನ್ನು ಹಾಯ್ದು ಮಿರಜಿನ ಮೇಲೆ ಸಾಗುತ್ತದೆ. ಜಿಲ್ಲೆಯ ಮಗನೊಬ್ಬನು ಹೀಗೆ ಜಿಲ್ಲೆಯನ್ನೇ ದಾಟಿ ಹೋಗಬೇಕಾದುದು ಬೆಳಗಾವಿಗೆ ತುಂಬಲಾರದ ನಷ್ಟವೆಂದೇ ನಮ್ಮ ಅಭಿಪ್ರಾಯ.

1914ರಲ್ಲಿ ಮಹಾಯುದ್ಧವು ಮೊದಲಾಗಿ ಕಬ್ಬಿಣವು ದುರ್ಲಭವಾಯಿತು. ಆಗ ಕೊಲ್ಲಾಪುರದ ಶಾಹು ಮಹಾರಾಜರು (ರಾಯಬಾಗವು ಅಂದು ಅವರ ಸಂಸ್ಥಾನಕ್ಕೇ ಸೇರಿದ್ದಿತು) ತಮ್ಮ ಕೋಟೆಯ ಹಳೆಯ ತೋಪುಗಳನ್ನು ಕಾರಖಾನೆಗೆ ಕೊಡಿಸಿದರು. ಅವು ಕುಲುಮೆಯಲ್ಲಿ ಕರಗಿ, ರಂಟೆಗಳಾಗಿ ಹೊಲಗಳಿಗೆ ಹೋದವು.