ಕನ್ವರ್ಟರ್ ಇಲ್ಲದ ಕಾರು

ನನ್ನ ಹತ್ರ ಇರೋದು 1997ರ ಮಾರುತಿ 800. ಸೈಲೆನ್ಸರ್ ತೂತಾದ್ರೆ ಜೆ.ಸಿ. ರಸ್ತೆಯಿಂದ ಕ್ಲಾಂಪು, ಪುಟ್ಟಿ ತಂದು ಜೆ.ಪಿ. ನಗರದ ಮನೆ ಮುಂದೆ ನಾನೇ ಕಾರಿನಡಿ ಮಲಗ್ತೀನಿ. (ಸ್ಟ್ಯಾಂಡ್ ಇಟ್ಟು, ಬರೀ ಜಾಕ್ ನಂಬಿ ಅಲ್ಲ.) ಇದು ಸಾಧ್ಯವಾಗಿರೋದಕ್ಕೆ ನನ್ನ ಬಿಇಗಿಂತ ಸರ್ಕಾರದ ಒಂದು ಪಟ್ಟಿ ಕಾರಣ.

1921ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ, ಎಂಜಿನ್ ನಾಕಿಂಗ್ ತಡೆಯೋಕೆ ಪೆಟ್ರೋಲಿಗೆ ಸೀಸ ಬೆರೆಸೋ ದಾರಿ ಕಂಡುಕೊಂಡ. ಆ ಸೀಸ ಮಕ್ಕಳ ರಕ್ತಕ್ಕೂ ಸೇರ್ತಿತ್ತು, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೆಡಿಸ್ತಿತ್ತು. ಹಾಗಾಗಿ 1995ರ ಏಪ್ರಿಲ್‌ನಲ್ಲಿ ಸೀಸವಿಲ್ಲದ ಪೆಟ್ರೋಲು, ಹೊಸ ಕಾರುಗಳಿಗೆ ಕನ್ವರ್ಟರು, ಎರಡೂ ಒಟ್ಟಿಗೇ ಬಂದವು. ದೆಹಲಿ, ಮುಂಬೈ, ಕಲ್ಕತ್ತ, ಮದರಾಸಿಗೆ ಮಾತ್ರ. ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. ನನ್ನ ಕಾರಿನಡಿ ಅದಕ್ಕೇ ಬರೀ ಕೊಳವೆ, ಡಬ್ಬಿ.

ದೇಶದ ಬಂಕುಗಳಿಂದ ಸೀಸ ಪೂರ್ತಿ ಹೋಗಿದ್ದು 2000ದ ಫೆಬ್ರವರಿಯಲ್ಲಿ. ಅಲ್ಲೀತನಕ ಊರಲ್ಲಿ ನಾವು ಹುಡುಗರು ಸ್ಕೂಟರ್ ಹಿಂದೆ ಓಡಿ ಆ ಹೊಗೇನ ಖುಷಿಯಿಂದ ಮೂಸ್ತಿದ್ವಿ.

ತುಕ್ಕಿನ ಕತೆ ಬೇರೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತೆ. ಜಯನಗರ 4ನೇ ಬ್ಲಾಕಿಗೆ ಹೋಗಿಬರೋದ್ರಲ್ಲಿ ಸೈಲೆನ್ಸರ್ ಸರಿಯಾಗಿ ಕಾಯೋದೇ ಇಲ್ಲ. ಆವಿ ಒಳಗೇ ನೀರಾಗಿ ನಿಲ್ಲುತ್ತೆ. ಹೊರಗೆ ಬಣ್ಣ ಹೊಡೆದು ಏನೂ ಉಪಯೋಗವಿಲ್ಲ.

ನಿಮ್ಮ ಹಳೇ ಕಾರು 2000ದ ಆಮೇಲಿನದಾದ್ರೆ ತೂತು ಎಲ್ಲಿದೆ ಅಂತ ಮೊದಲು ನೋಡಿ. ಆಕ್ಸಿಜನ್ ಸೆನ್ಸರ್‌ಗಿಂತ ಎಂಜಿನ್ ಕಡೆಗಿದ್ರೆ ಹೊರಗಿನ ಗಾಳಿ ಒಳನುಗ್ಗುತ್ತೆ, ಸೆನ್ಸರ್ ಮೋಸಹೋಗುತ್ತೆ, ಕಂಪ್ಯೂಟರ್ ಸುಮ್ಮನೆ ಹೆಚ್ಚು ಪೆಟ್ರೋಲ್ ಸುರಿಯುತ್ತೆ. ಅಲ್ಲಿಗೆ ನನ್ನ ಪುಟ್ಟಿ ಡಬ್ಬಿ ಕೇಳಬೇಡಿ, ಕೊಡಲ್ಲ.