ಮಕ್ಕಳಿಗೆ ‘ಫ್ಲಾಕ್ಸಾಸಿನ್’ ಮಾತ್ರೆ, ಸಿರಪ್: ಕೀಲುನೋವಿನ ಬಗ್ಗೆ ಪೋಷಕರಿಗೆ ತಿಳಿದಿರಬೇಕಾದ್ದು

ಕುಂದಾಪುರ: ಮಳೆಗಾಲ ಶುರುವಾದ್ರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಮನೆಗಳಲ್ಲಿ ಮಕ್ಕಳಿಗೆ ಭೇದಿ, ವಾಂತಿ, ಜ್ವರ ಒಂದರ ಹಿಂದೆ ಒಂದು. ಡಾಕ್ಟ್ರಿಗೆ ತೋರಿಸದೆ ಮೆಡಿಕಲ್‌ನಲ್ಲಿ "ಹೊಟ್ಟೆ ಹಾಳಾಯ್ತು, ಎಂತಾದ್ರೂ ಕೊಡಿ" ಅಂತ ಕೇಳುವವರಿದ್ದಾರೆ. ದೊಡ್ಡವರಿಗೆ ತಂದು ಉಳಿದ ಮಾತ್ರೆಯನ್ನೇ ಅರ್ಧ ಮಾಡಿ ಮಗುವಿಗೆ ಕೊಡುವವರೂ ಇದ್ದಾರೆ. ಹೀಗೆ ಮಗುವಿನ ಹೊಟ್ಟೆ ಸೇರುವ ಒಂದು ಗುಂಪಿನ ಆಂಟಿಬಯೋಟಿಕ್‌ಗಳ ಬಗ್ಗೆ ಈ ಮಾಹಿತಿ.

ಗುಂಪಿನ ಹೆಸರು ಫ್ಲೋರೋಕ್ವಿನೊಲೋನ್. ಹೆಸರು ಕಷ್ಟ, ಗುರುತಿಸೋದು ಸುಲಭ. ಸ್ಟ್ರಿಪ್ ಮೇಲೆ ಸಣ್ಣ ಅಕ್ಷರದಲ್ಲಿರುವ ಹೆಸರು ‘ಫ್ಲಾಕ್ಸಾಸಿನ್’ ಎಂದು ಕೊನೆಯಾದರೆ ಇದೇ ಜಾತಿ: ಸಿಪ್ರೊಫ್ಲಾಕ್ಸಾಸಿನ್, ಒಫ್ಲಾಕ್ಸಾಸಿನ್, ನಾರ್ಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್. ಭೇದಿಗೆಂದು ಕೊಡುವ ಕೆಲವು ಸಿರಪ್‌ಗಳಲ್ಲಿ ಒಫ್ಲಾಕ್ಸಾಸಿನ್ ಜೊತೆ ಆರ್ನಿಡಜೋಲ್ ಬೆರೆತಿರುತ್ತದೆ.

ಹೆದರಿಕೆ ಎಲ್ಲಿಂದ ಬಂತು?

1970ರ ದಶಕದ ಕೊನೆಯಲ್ಲಿ ಈ ಜಾತಿಯ ಹಳೆಯ ಔಷಧವನ್ನು ಬೀಗಲ್ ನಾಯಿಮರಿಗಳಿಗೆ ಕೊಟ್ಟಾಗ, ಮೈಭಾರ ಹೊರುವ ಕೀಲುಗಳ ಮೃದ್ವಸ್ಥಿ ಹಾಳಾಗಿ ಮರಿಗಳು ಕುಂಟತೊಡಗಿದವು. ಔಷಧ ಮೆಗ್ನೀಸಿಯಂ ಅಂಶಕ್ಕೆ ಅಂಟಿಕೊಳ್ಳುವುದರಿಂದ ಬೆಳೆಯುತ್ತಿರುವ ಮೃದ್ವಸ್ಥಿಗೆ ಪೆಟ್ಟಾಗುತ್ತದೆ ಎನ್ನುವುದು ಒಂದು ವಿವರಣೆ. ಅಂದಿನಿಂದ ಮಕ್ಕಳಿಗೆ ಇದನ್ನು ಮೊದಲ ಆಯ್ಕೆಯಾಗಿ ಬಳಸುವುದಿಲ್ಲ.

ಆದರೆ ನಾಯಿಮರಿಯಲ್ಲಿ ಕಂಡದ್ದು ಮಕ್ಕಳಲ್ಲಿ ಹಾಗೆಯೇ ಕಂಡಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳ ಗಂಭೀರ ಮೂತ್ರದ ಸೋಂಕಿಗೆ ಸಿಪ್ರೊಫ್ಲಾಕ್ಸಾಸಿನ್ ಒಪ್ಪಿತು. ಅದಕ್ಕೆ ಆಧಾರವಾದ ಅಧ್ಯಯನದಲ್ಲಿ, ಆರು ವಾರದೊಳಗೆ ಕೀಲು-ಸ್ನಾಯು ತೊಂದರೆ ಕಂಡದ್ದು 335 ಮಕ್ಕಳಲ್ಲಿ 31 ಮಂದಿಗೆ. ಬೇರೆ ಆಂಟಿಬಯೋಟಿಕ್ ಪಡೆದ 349 ಮಕ್ಕಳಲ್ಲಿ 21 ಮಂದಿಗೆ. ಹೆಚ್ಚು ಹೌದು, ಆದರೆ ಆ ತೊಂದರೆಗಳು ವಾಸಿಯಾದವು. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿಯುವ ಅಪಾಯದ ಬಗ್ಗೆ 2008ರಲ್ಲಿ ಕಟ್ಟೆಚ್ಚರಿಕೆ ಬಂದದ್ದು ನಿಜ. ಅದು ಹೆಚ್ಚು ತಟ್ಟುವುದು 60 ದಾಟಿದವರಿಗೆ ಮತ್ತು ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ.

ಹಾಗಾಗಿ ಡಾಕ್ಟ್ರು ಯೋಚಿಸಿ ಬರೆದುಕೊಟ್ಟಾಗ ನಿಲ್ಲಿಸಬೇಡಿ. ಔಷಧಕ್ಕೆ ಬಗ್ಗದ ಕ್ಷಯ ತಗುಲಿದ ಮಗುವಿಗೆ ಲೆವೊಫ್ಲಾಕ್ಸಾಸಿನ್ ತಿಂಗಳುಗಟ್ಟಲೆ ಬೇಕಾಗುತ್ತದೆ. ಅಲ್ಲಿ ಮಂಡಿನೋವಿನ ಭಯಕ್ಕಿಂತ ಕಾಯಿಲೆಯೇ ದೊಡ್ಡದು. ಕೆಂಗಣ್ಣಿಗೆ ಹಾಕುವ ಡ್ರಾಪ್ಸ್‌ನಲ್ಲೂ ಇದೇ ಔಷಧ ಇರಬಹುದು. ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಕೀಲಿನ ಚಿಂತೆ ಬೇಡ.

ಸಾಮಾನ್ಯ ಭೇದಿಗೆ ಬೇಡ

ಮಕ್ಕಳ ನೀರುಭೇದಿ ಹೆಚ್ಚಾಗಿ ವೈರಸ್‌ನಿಂದ ಬರುವಂಥದ್ದು. ಆಂಟಿಬಯೋಟಿಕ್ ಅಲ್ಲಿ ಕೆಲಸ ಮಾಡುವುದಿಲ್ಲ. ಬೇಕಾದದ್ದು ಓಆರ್‌ಎಸ್, ಗಂಜಿತಿಳಿ, ಎದೆಹಾಲು ಮತ್ತು 14 ದಿನ ಜಿಂಕ್ (ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, ಚಿಕ್ಕದಕ್ಕೆ 10). ಓಆರ್‌ಎಸ್, ಜಿಂಕ್ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ಕಾಯದೆ ಆಸ್ಪತ್ರೆಗೆ ಹೊರಡಿ. ಟೈಫಾಯ್ಡ್‌ಗೂ ಈಗ ಮನೆಯಲ್ಲಿ ಉಳಿದ ಸಿಪ್ರೊ ನಂಬಬೇಡಿ. ನಮ್ಮ ದೇಶದ ಟೈಫಾಯ್ಡ್ ರೋಗಾಣುಗಳಲ್ಲಿ ಹೆಚ್ಚಿನವು ಅದಕ್ಕೆ ಬಗ್ಗುವುದಿಲ್ಲ.

ಇನ್ನೊಂದು ಮಾತು. ಜಿಂಕ್, ಕಬ್ಬಿಣಾಂಶದ ಟಾನಿಕ್, ಆಂಟಾಸಿಡ್ ಜೊತೆಗೆ ಸಿಪ್ರೊಫ್ಲಾಕ್ಸಾಸಿನ್ ಕೊಟ್ಟರೆ ಅದು ಮೈಗೆ ಸೇರುವುದೇ ಇಲ್ಲ ಅನ್ನಬಹುದು. ಇವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಕೊಡಬೇಕು. ಬರೀ ಹಾಲು, ಮೊಸರಿನ ಜೊತೆಗೂ ಬೇಡ.

ಏನು ಗಮನಿಸಬೇಕು?

ಔಷಧ ಶುರುವಾದ ಮೇಲೆ ಮಗು ಕುಂಟಿದರೆ, ಮಂಡಿ-ಪಾದದ ಗಂಟು ಊದಿದರೆ, ಹಿಮ್ಮಡಿ ನೋವು ಅಂದರೆ, ಮೆಟ್ಟಿಲು ಹತ್ತಲು ಹಿಂಜರಿದರೆ ಮುಂದಿನ ಡೋಸ್‌ಗೆ ಮೊದಲು ಬರೆದುಕೊಟ್ಟ ಡಾಕ್ಟ್ರಿಗೆ ಫೋನ್ ಮಾಡಿ. ನೋವಿದ್ದಷ್ಟು ದಿನ ಕಬಡ್ಡಿ, ಕೆಸರುಗದ್ದೆ ಓಟ ಬೇಡ. ಮಗು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ.

ಔಷಧದ ಅಡ್ಡಪರಿಣಾಮವನ್ನು ಸಾರ್ವಜನಿಕರೂ ವರದಿ ಮಾಡಬಹುದು. ಕೇಂದ್ರ ಸರ್ಕಾರದ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ: 1800-180-3024. ಕರೆ ಮಾಡುವಾಗ ಸ್ಟ್ರಿಪ್ ಅಥವಾ ಬಾಟಲಿ ಕೈಯಲ್ಲಿರಲಿ, ಬ್ಯಾಚ್ ನಂಬರ್ ಕೇಳುತ್ತಾರೆ.